ರೈಟರ್ ಅಜ್ಜನ ಜೇಬುಚಾಕು

ಹಳೆಯ ಜೇಬುಚಾಕುವೊಂದು ಯಾರು ಮಾಡಿದ್ದು, ಯಾವ ಕಾಲದ್ದು ಎಂದು ತಿಳಿಯಬೇಕಾದರೆ ಮೊದಲು ನೋಡಬೇಕಾದದ್ದು ಅಲಗಿನ ಬುಡವನ್ನು. ಅಲಗು ಹಿಡಿಯೊಳಗೆ ಸೇರುವ ಜಾಗದಲ್ಲಿ, ಹರಿತವಾದ ಬಾಯಿ ಆರಂಭವಾಗುವುದಕ್ಕೆ ಮೊದಲು, ಮೊಂಡಾದ ಒಂದು ಚೌಕ ಭಾಗ ಉಳಿದಿರುತ್ತದೆ. ತಯಾರಕರು ತಮ್ಮ ಹೆಸರು, ಊರು, ಗುರುತುಗಳನ್ನು ಒತ್ತುತ್ತಿದ್ದದ್ದು ಅಲ್ಲಿ. ಹಿಡಿ ಒಡೆದು ಬೇರೆ ಹಿಡಿ ಬಂದಿರಬಹುದು, ತುದಿ ಮುರಿದಿರಬಹುದು, ವರ್ಷಗಟ್ಟಲೆ ಸಾಣೆ ಹಿಡಿದು ಅಲಗು ಅರ್ಧಕ್ಕರ್ಧ ಸವೆದಿರಬಹುದು. ಸಾಣೆಕಲ್ಲು ಬುಡಕ್ಕೆ ತಾಗುವುದಿಲ್ಲವಾದ್ದರಿಂದ ಅಲ್ಲಿನ ಅಕ್ಷರಗಳು ಮಾತ್ರ ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಅವುಗಳನ್ನು ಹಾಳುಮಾಡುವುದು ಎರಡೇ: ತುಕ್ಕು, ಮತ್ತು ಆ ತುಕ್ಕನ್ನು ತೆಗೆಯಲು ಹೊರಟವರ ಉಪ್ಪುಕಾಗದ.

ನನ್ನ ಪಾಲಿಗೆ ಬಂದ ಚಾಕು ಅಮ್ಮನ ತಂದೆಯದು. ಅಜ್ಜ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿಯನ್ನು ಚೆಕ್‌ರೋಲ್‌ನಲ್ಲಿ ಬರೆಯುವುದು, ವಾರದ ಬಟವಾಡೆಯ ಲೆಕ್ಕ ಮಾಡುವುದು, ಕೊಯ್ಲಿನ ಕಾಲದಲ್ಲಿ ಹಣ್ಣಿನ ಅಳತೆ ಬರೆದುಕೊಳ್ಳುವುದು, ಇವು ಅವರ ಕೆಲಸ. ಅವರ ನಂತರ ಚಾಕು ಸೋದರಮಾವನವರ ಬಳಿಯಲ್ಲಿತ್ತು. ಮನೆಯ ಸಾಮಾನುಗಳನ್ನು ಹಂಚಿಕೊಳ್ಳುವಾಗ ಅವರು ಅದನ್ನು ನನಗೆ ಕೊಟ್ಟರು. ಕೊಡುವಾಗ ಹೇಳಿದ ಮಾತೂ ಜೊತೆಗೆ ಬಂತು: 1947ರಲ್ಲಿ ತೋಟದ ದೊರೆ ಇಂಗ್ಲೆಂಡಿಗೆ ಹಿಂದಿರುಗುವಾಗ ತನ್ನ ಜೇಬಿನಿಂದಲೇ ತೆಗೆದು ಅಜ್ಜನ ಕೈಗೆ ಇಟ್ಟದ್ದಂತೆ, ಹಿಡಿ ಕಡವೆಯ ಕೊಂಬಿನದಂತೆ. ಈ ಎರಡು ಮಾತುಗಳಲ್ಲಿ ಮೊದಲನೆಯದು ಮನೆತನದ ಹೆಮ್ಮೆಗೆ ಸಂಬಂಧಿಸಿದ್ದು. ಎರಡನೆಯದು ಕಾನೂನಿಗೆ ಸಂಬಂಧಿಸಿದ್ದು ಎಂಬುದನ್ನು ಮಾವನವರು ಯೋಚಿಸಿರಲಿಲ್ಲ. ಆದ್ದರಿಂದ ಈ ಚಾಕುವನ್ನು ಗುರುತಿಸುವುದು ನನಗೆ ಕುತೂಹಲದ ವಿಷಯವಷ್ಟೇ ಆಗಿ ಉಳಿಯಲಿಲ್ಲ.

ಮಡಚಿದಾಗ ಅದು ಮೂರೂವರೆ ಅಂಗುಲ ಉದ್ದವಿದೆ. ಎರಡು ತುದಿಗಳಲ್ಲಿ ಎರಡು ಅಲಗುಗಳು, ಒಂದು ದೊಡ್ಡದು, ಒಂದು ಚಿಕ್ಕದು. ಹಿಡಿಯ ಎರಡು ತುದಿಗಳಿಗೆ ಜರ್ಮನ್ ಸಿಲ್ವರ್‌ನ ಕಟ್ಟು, ಒಳಗೆ ಹಿತ್ತಾಳೆಯ ತಗಡು, ಹಿಡಿಯ ಮಧ್ಯದಲ್ಲಿ ಒಂದು ಸಣ್ಣ ಅಂಡಾಕಾರದ ಲೋಹದ ಬಿಲ್ಲೆ. ಅಲಗುಗಳು ಕಂದು ಬಣ್ಣಕ್ಕೆ ತಿರುಗಿದ್ದವು, ಬುಡದ ಮೇಲೆ ಎಣ್ಣೆ ಮತ್ತು ಧೂಳು ಸೇರಿ ಗಟ್ಟಿಯಾದ ಕೊಳೆ ಕೂತಿತ್ತು. ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿ ಬಿಟ್ಟು, ರಾತ್ರಿಯೆಲ್ಲ ನೆನೆಯಲು ಇಟ್ಟು, ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಕೆರೆದೆ. ಲೋಹದ ಕಡ್ಡಿಯನ್ನಾಗಲಿ ತಂತಿಯ ಬ್ರಷ್ಷನ್ನಾಗಲಿ ಇಲ್ಲಿ ಬಳಸಲೇಬಾರದು. ಬಿದಿರು ಕೊಳೆಯನ್ನು ಎತ್ತುತ್ತದೆ, ಉಕ್ಕನ್ನು ಗೀರುವುದಿಲ್ಲ. ಓರೆಯಾಗಿ ಬೀಳುವ ಬೆಳಕಿನಲ್ಲಿ ಹಿಡಿದಾಗ ದೊಡ್ಡ ಅಲಗಿನ ಬುಡದಲ್ಲಿ ಒಂದು ನಕ್ಷತ್ರ, ಅದರ ಪಕ್ಕದಲ್ಲಿ ನಾಲ್ಕು ಕವಲಿನ ಮಾಲ್ಟಾ ಶಿಲುಬೆ, ಕೆಳಗೆ ‘ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್, ಕಟ್ಲರ್ಸ್ ಟು ಹಿಸ್ ಮೆಜೆಸ್ಟಿ’ ಎಂಬ ಇಂಗ್ಲಿಷ್ ಅಕ್ಷರಗಳು ಕಂಡವು. ಅಲಗಿನ ಮೇಲೆ ಕಿರೀಟ, ಅದರ ಎಡಬಲಗಳಲ್ಲಿ ಜಿ ಮತ್ತು ಆರ್. ಬುಡದ ಹಿಂಬದಿಯಲ್ಲಿ ‘ನಂ. 6, ನಾರ್ಫೋಕ್ ಸ್ಟ್ರೀಟ್, ಶೆಫೀಲ್ಡ್, ಇಂಗ್ಲೆಂಡ್’.

ಶೆಫೀಲ್ಡ್ ಎಂಬುದು ಇಂಗ್ಲೆಂಡಿನ ಚಾಕು, ಕತ್ತರಿಗಳ ಊರು. ಅಲ್ಲಿನ ಚಾಕು ತಯಾರಕರ ಸಂಘಕ್ಕೆ 1624ರಲ್ಲಿಯೇ ಪಾರ್ಲಿಮೆಂಟಿನ ಶಾಸನದ ಬಲ ದೊರೆತಿತ್ತು. ಯಾರ ಗುರುತು ಯಾವುದು ಎಂದು ದಾಖಲಿಸಿ ಕಾಯುವ ಅಧಿಕಾರ ಆ ಸಂಘದ್ದು. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಯ ಜೋಡಿ ಗುರುತು ರಾಡ್ಜರ್ಸ್ ಮನೆತನದ ಹೆಸರಿಗೆ ದಾಖಲಾದದ್ದು 1764ರಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅವರಷ್ಟು ಹೆಸರು ಮಾಡಿದ ಚಾಕು ತಯಾರಕರು ಇನ್ನೊಬ್ಬರಿರಲಿಲ್ಲವೆಂದರೂ ತಪ್ಪಾಗದು. 1851ರ ಲಂಡನ್ನಿನ ಮಹಾಪ್ರದರ್ಶನಕ್ಕೆ ಅವರು ಎಪ್ಪತ್ತೈದು ಅಲಗುಗಳ ಒಂದು ಭಾರೀ ಚಾಕುವನ್ನು ಮಾಡಿ ಇಟ್ಟಿದ್ದರು. ಅದಕ್ಕೂ ಮೊದಲು ಇಸವಿಗೆ ತಕ್ಕಷ್ಟು, ಅಂದರೆ 1822 ಅಲಗುಗಳಿರುವ ಇನ್ನೊಂದು ಚಾಕುವನ್ನು ಮಾಡಿ, ವರ್ಷಕ್ಕೊಂದು ಅಲಗನ್ನು ಸೇರಿಸುತ್ತ ಹೋಗಿದ್ದರು. ಇವೆಲ್ಲ ಅಂಗಡಿಯ ಮುಂದೆ ಜನ ಸೇರಿಸುವ ಪ್ರದರ್ಶನದ ವಸ್ತುಗಳು. ಅವರ ಹೆಸರು ಉಳಿದದ್ದು ಅಜ್ಜನ ಜೇಬಿನಲ್ಲಿದ್ದಂತಹ ಸಾಧಾರಣ ಚಾಕುಗಳಿಂದ ಎಂಬುದು ನನ್ನ ಅಭಿಪ್ರಾಯ. ಇಷ್ಟು ವರ್ಷಗಳ ನಂತರವೂ ಆ ಅಲಗು ತೆರೆಯುವಾಗ ಬೆನ್ನಿನ ಸ್ಪ್ರಿಂಗು ಬಿಗಿಯಾಗಿ ಎದುರಿಸುತ್ತದೆ, ಮುಚ್ಚುವಾಗ ಟಕ್ಕೆಂದು ಸದ್ದು ಮಾಡಿ ಕೂರುತ್ತದೆ. ತೆರೆದಾಗಲೂ ಮುಚ್ಚಿದಾಗಲೂ ಸ್ಪ್ರಿಂಗಿನ ಬೆನ್ನು ಹಿತ್ತಾಳೆಯ ತಗಡಿನ ಮಟ್ಟಕ್ಕೆ ಸಮನಾಗಿ ನಿಲ್ಲುತ್ತದೆ. ಬೆರಳಿನಿಂದ ಸವರಿದರೆ ಎಲ್ಲಿಯೂ ಏರುತಗ್ಗು ಸಿಗುವುದಿಲ್ಲ.

ಆ ನುಣುಪಿನ ಹಿಂದೆ ಇದ್ದವರ ವಿಷಯವನ್ನೂ ಹೇಳಬೇಕು. ಶೆಫೀಲ್ಡ್‌ನಲ್ಲಿ ಒಂದು ಚಾಕುವನ್ನು ಒಬ್ಬನೇ ಮಾಡುತ್ತಿರಲಿಲ್ಲ. ಅಲಗನ್ನು ಕಾಯಿಸಿ ಬಡಿಯುವವನು ಒಬ್ಬ, ಅದನ್ನು ಕಲ್ಲಿಗೆ ಹಿಡಿಯುವವನು ಇನ್ನೊಬ್ಬ, ಹಿಡಿ ಕೂರಿಸಿ ಜೋಡಿಸುವವನು ಮತ್ತೊಬ್ಬ. ಇವರಲ್ಲಿ ಕಲ್ಲಿಗೆ ಹಿಡಿಯುವವರು ಮರಳುಗಲ್ಲಿನ ಚಕ್ರದ ಮುಂದೆ ಕುಳಿತು ದಿನವಿಡೀ ಕಲ್ಲಿನ ಮತ್ತು ಉಕ್ಕಿನ ಧೂಳನ್ನು ಉಸಿರಾಡುತ್ತಿದ್ದರು. ಒಣ ಕಲ್ಲಿನಲ್ಲಿ ಕೆಲಸ ಮಾಡುವವರ ಶ್ವಾಸಕೋಶ ಬೇಗ ಗಟ್ಟಿಯಾಗಿ, ನಡುವಯಸ್ಸಿಗೆ ಮುನ್ನವೇ ಸಾಯುವುದು ಆ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿಯಾಗಿತ್ತು. ಅಲಗಿನ ಬುಡದಲ್ಲಿ ಇರುವುದು ಮಾಲೀಕರ ಹೆಸರು ಮಾತ್ರ.

ಇನ್ನು ಕಾಲದ ಪ್ರಶ್ನೆ. ಬ್ರಿಟಿಷ್ ಅರಮನೆಗೆ ಸರಬರಾಜು ಮಾಡುವ ತಯಾರಕರು ಆಳುತ್ತಿರುವ ದೊರೆಯ ಹೆಸರಿನ ಮೊದಲಕ್ಷರವನ್ನು, ರಾಜ ಅಥವಾ ರಾಣಿ ಎಂಬರ್ಥದ ಲ್ಯಾಟಿನ್ ಶಬ್ದದ ಆರ್ ಅಕ್ಷರವನ್ನು ಕಿರೀಟದ ಜೊತೆ ಒತ್ತುವ ರೂಢಿಯಿತ್ತು. ವಿ ಮತ್ತು ಆರ್ ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1837ರಿಂದ 1901. ಇ ಮತ್ತು ಆರ್ ಇದ್ದು ‘ಹಿಸ್ ಮೆಜೆಸ್ಟಿ’ ಎಂದಿದ್ದರೆ ಏಳನೆಯ ಎಡ್ವರ್ಡ್, 1901ರಿಂದ 1910. ಜಿ ಮತ್ತು ಆರ್ ಇದ್ದರೆ ಜಾರ್ಜ್. ಆದರೆ ಯಾವ ಜಾರ್ಜ್? ನಾಲ್ಕನೆಯ ಜಾರ್ಜ್ 1830ರಲ್ಲಿಯೇ ತೀರಿಕೊಂಡ. ಅವನ ಕಾಲದ್ದಲ್ಲ ಎಂದು ಹೇಳಲು ನಮಗೆ ನೆರವಾಗುವುದು ‘ಇಂಗ್ಲೆಂಡ್’ ಎಂಬ ಒಂದೇ ಶಬ್ದ. ಒಳಗೆ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂದು ಅಮೆರಿಕ 1890ರ ಸುಂಕದ ಕಾಯಿದೆಯಲ್ಲಿ ಕಡ್ಡಾಯ ಮಾಡಿತು. ಅದಕ್ಕೆ ಮೂರು ವರ್ಷ ಮೊದಲು ಬ್ರಿಟನ್ನಿನಲ್ಲಿಯೂ ಸರಕಿನ ಗುರುತುಗಳ ಬಗ್ಗೆ ಒಂದು ಕಾಯಿದೆ ಬಂದಿತ್ತು. ಊರಿನ ಹೆಸರಿನ ಮುಂದೆ ದೇಶದ ಹೆಸರನ್ನೂ ಒತ್ತುವುದು ಶೆಫೀಲ್ಡ್‌ನ ಚಾಕುಗಳಲ್ಲಿ ಸಾಮಾನ್ಯವಾದದ್ದು ಆಮೇಲೆಯೇ. ಹಾಗಾಗಿ ನಮ್ಮ ಚಾಕುವಿನ ಜಾರ್ಜ್ ಒಂದೋ 1910ರಿಂದ 1936ರವರೆಗೆ ಆಳಿದ ಐದನೆಯವನು, ಇಲ್ಲವೇ 1936ರಿಂದ 1952ರವರೆಗೆ ಆಳಿದ ಆರನೆಯವನು.

ಇದಕ್ಕಿಂತ ಕಿರಿದಾದ ಕಾಲವನ್ನು ಹೇಳಲು ಆಸೆಯಾಗುತ್ತದೆ, ಆದರೆ ಆ ಆಸೆಗೆ ಕಡಿವಾಣ ಬೇಕು. ಅಲಗು ಕಪ್ಪಾಗಿ, ಕಂದಾಗಿ ತಿರುಗಿರುವುದರಿಂದ ಅದು ತುಕ್ಕು ಹಿಡಿಯದ ಉಕ್ಕಲ್ಲ ಎಂಬುದು ಸ್ಪಷ್ಟ. ಹ್ಯಾರಿ ಬ್ರಿಯರ್ಲಿ ಶೆಫೀಲ್ಡ್‌ನಲ್ಲಿಯೇ 1913ರಲ್ಲಿ ಕ್ರೋಮಿಯಂ ಬೆರೆಸಿದ ಸ್ಟೇನ್‌ಲೆಸ್ ಸ್ಟೀಲನ್ನು ಎರಕ ಹೊಯ್ದ. ಹಾಗೆಂದು ಸ್ಟೇನ್‌ಲೆಸ್ ಅಲ್ಲದ ಚಾಕುಗಳೆಲ್ಲ 1913ಕ್ಕಿಂತ ಹಳೆಯವು ಎಂದು ಹೇಳುವುದು ತಪ್ಪು. ಹಳೆಯ ಬಗೆಯ ಉಕ್ಕಿನ ಬಾಯಿ ಬೇಗ ಹರಿತವಾಗುತ್ತದೆ, ಮನೆಯ ಕಲ್ಲಿನಲ್ಲಿಯೇ ಮಸೆಯಬಹುದು ಎಂಬ ಕಾರಣಕ್ಕೆ ಅಂತಹ ಜೇಬುಚಾಕುಗಳು ದಶಕಗಳ ಕಾಲ ತಯಾರಾಗುತ್ತಲೇ ಇದ್ದವು. ವಿಳಾಸದ ಮುದ್ರೆಯೂ ಅಷ್ಟೇ. ಹೆಸರಾದ ವಿಳಾಸವನ್ನು ಯಾವ ವ್ಯಾಪಾರಿಯೂ ಸುಲಭವಾಗಿ ಕೈಬಿಡುವುದಿಲ್ಲ, ಅಚ್ಚುಗಳೂ ಬೇಗ ಸವೆಯುವುದಿಲ್ಲ. ಅಜ್ಜನ ಕೈಗೆ ಬಂದದ್ದು 1947ರಲ್ಲಿ ಎಂಬ ಮಾವನವರ ಮಾತನ್ನು ಕೊನೆಯ ಗಡಿಯಾಗಿಟ್ಟುಕೊಂಡು, 1910ರಿಂದ 1947ರ ನಡುವಿನದು ಎಂದಷ್ಟೇ ಹೇಳಿ ನಿಲ್ಲುವುದು ಪ್ರಾಮಾಣಿಕತೆ.

ನಕಲಿಯೂ ಇರಬಹುದಲ್ಲವೇ ಎಂದು ಕೇಳುವವರಿದ್ದಾರೆ, ಕೇಳಲೇಬೇಕಾದ ಪ್ರಶ್ನೆ. ರಾಡ್ಜರ್ಸ್ ಹೆಸರನ್ನು ಕದ್ದವರು ಬಹಳ ಮಂದಿ. ಇಂಗ್ಲಿಷಿನಲ್ಲಿ ಒಂದು ಡಿ ಅಕ್ಷರವನ್ನು ಬಿಟ್ಟು ರೋಜರ್ಸ್ ಎಂದು ಒತ್ತಿ, ಪಕ್ಕದಲ್ಲಿ ಶಿಲುಬೆಯನ್ನು ಹೋಲುವ ಚಿಹ್ನೆಯೊಂದನ್ನು ಇಟ್ಟು ಮಾರಿದ ಅಗ್ಗದ ಚಾಕುಗಳು ಎಲ್ಲ ದೇಶಗಳಿಗೂ ಹೋದವು. ಸುಳ್ಳು ಗುರುತುಗಳ ಹಾವಳಿ ತಡೆಯಲು ಭಾರತದಲ್ಲಿಯೂ 1889ರಲ್ಲಿ ಸರಕಿನ ಗುರುತುಗಳ ಕಾಯಿದೆ ಬಂತು. ನಮ್ಮದರಲ್ಲಿ ಡಿ ಅಕ್ಷರ ತನ್ನ ಜಾಗದಲ್ಲಿದೆ, ಅಕ್ಷರಗಳು ಆಳವಾಗಿ, ಒಂದೇ ಗೆರೆಯಲ್ಲಿ ಕೂತಿವೆ, ಚಿಕ್ಕ ಅಲಗಿನ ಬುಡದಲ್ಲಿಯೂ ಹೆಸರಿದೆ. ಜೋಡಣೆಯ ಬಗ್ಗೆ ಮೇಲೆಯೇ ಹೇಳಿದೆ. ಹೆಸರನ್ನು ಕದಿಯುವುದು ಸುಲಭ, ಅಂತಹ ಸ್ಪ್ರಿಂಗನ್ನು ಕೂರಿಸುವುದು ಸುಲಭವಲ್ಲ.

ಇಲ್ಲಿಯವರೆಗಿನದು ಯಾವ ಚಾಕುವಿನ ವಿಷಯದಲ್ಲಾದರೂ ನಡೆಯುವ ಹುಡುಕಾಟ. ನನ್ನನ್ನು ನಿಜವಾಗಿ ಕಾಡಿದ್ದು ಹಿಡಿ.

ಹಿಡಿಯ ಎರಡು ಪಕ್ಕಗಳಲ್ಲಿ ಕಂದು ಬಣ್ಣದ, ಒರಟಾದ, ಉಬ್ಬುತಗ್ಗಿನ ಹಲಗೆಗಳಿವೆ. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಕಡವೆ ಕೊಂಬು ಎಂದೇ ಹೇಳಿಕೊಂಡು ಬಂದಿದ್ದರು, ಮತ್ತು ಆ ಮಾತಿಗೆ ಆಧಾರವಿಲ್ಲದಿಲ್ಲ. ಶೆಫೀಲ್ಡ್‌ನ ಕೊಂಬಿನ ಹಿಡಿಗಳಿಗೆ ಕಚ್ಚಾವಸ್ತು ಹೋಗುತ್ತಿದ್ದದ್ದು ಬಹುಪಾಲು ಭಾರತದಿಂದಲೇ. ಯುರೋಪಿನ ಜಿಂಕೆಗಳ ಕೊಂಬಿಗಿಂತ ನಮ್ಮ ಕಡವೆಯ ಕೊಂಬು ಹೆಚ್ಚು ಗಟ್ಟಿ. ಒಳಗಿನ ಸ್ಪಂಜಿನಂತಹ ತಿರುಳು ಕಡಿಮೆ, ಆದ್ದರಿಂದ ತೆಳ್ಳಗೆ ಸೀಳಿದರೂ ಬಾಗುವುದಿಲ್ಲ, ಒಡೆಯುವುದಿಲ್ಲ. ಗಂಡು ಕಡವೆ ತನ್ನ ಕೊಂಬನ್ನು ಉದುರಿಸುತ್ತದೆ, ಮತ್ತೆ ಹೊಸದು ಬೆಳೆಯುತ್ತದೆ. ಕಾಡಿನಲ್ಲಿ ಬಿದ್ದ ಕೊಂಬುಗಳನ್ನು ಆಯ್ದು ವ್ಯಾಪಾರಿಗಳಿಗೆ ಮಾರುವುದು ಒಂದು ಕಾಲದಲ್ಲಿ ನಡೆಯುತ್ತಿತ್ತು, ಬೇಟೆಯಾಡಿ ತಂದದ್ದೂ ಅದರೊಳಗೆ ಸೇರುತ್ತಿತ್ತು. ಪಶ್ಚಿಮಘಟ್ಟದ ಕಾಡಿನ ಕೊಂಬು ಹಡಗು ಹತ್ತಿ ಶೆಫೀಲ್ಡ್‌ಗೆ ಹೋಗಿ, ಚಾಕುವಿನ ಹಿಡಿಯಾಗಿ ಪುನಃ ಮಲೆನಾಡಿಗೇ ಬಂದಿತೆಂಬ ಕಲ್ಪನೆ ಮನಸ್ಸಿಗೆ ಹಿಡಿಸುವಂಥದ್ದು. ಹಿಡಿಸುತ್ತದೆ ಎಂಬ ಕಾರಣಕ್ಕೇ ನಾನು ಅದನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕಾಗಿತ್ತು.

ಏಕೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಡವೆಯ ಕೊಂಬನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಕಾಡಿನಲ್ಲಿ ತಾನಾಗಿ ಉದುರಿದ್ದನ್ನು ಮನೆಗೆ ತರುವುದೂ ಅಪರಾಧವೇ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕಗಳ ಪ್ರಕರಣಗಳು ಒಂದರ ಹಿಂದೊಂದು ಬೆಳಕಿಗೆ ಬಂದಾಗ ಮಲೆನಾಡಿನ, ಕೊಡಗಿನ ಎಷ್ಟೋ ಮನೆಗಳಲ್ಲಿ ಗೋಡೆಯ ಮೇಲಿನ ಕೊಂಬುಗಳ ಬಗ್ಗೆ ಆತಂಕ ಹುಟ್ಟಿತು. 2024ರ ಆರಂಭದಲ್ಲಿ ರಾಜ್ಯ ಸರ್ಕಾರ ಇಂತಹ ವಸ್ತುಗಳನ್ನು ಅರಣ್ಯ ಇಲಾಖೆಗೆ ಒಪ್ಪಿಸಲು ಮೂರು ತಿಂಗಳ ಅವಕಾಶ ಕೊಟ್ಟಿತು. ಅಂದು ನಮ್ಮ ಮನೆಯಲ್ಲಿ ಚಾಕುವಿನ ಹಿಡಿಯ ವಿಷಯವನ್ನು ಯಾರೂ ಎತ್ತಲಿಲ್ಲ, ಚಾಕು ಅಷ್ಟು ಚಿಕ್ಕದು. ಆದರೆ ಕಾಯಿದೆಗೆ ಗಾತ್ರದ ಲೆಕ್ಕವಿಲ್ಲ. ಹಿಡಿ ಕಡವೆಯದೇ ಆಗಿದ್ದರೆ ಅದನ್ನು ಇಲಾಖೆಗೆ ಒಪ್ಪಿಸುವುದೇ ಸರಿ ಎಂದು ಮೊದಲೇ ತೀರ್ಮಾನಿಸಿಕೊಂಡಿದ್ದೆ. ಆ ತೀರ್ಮಾನವನ್ನು ಮೊದಲೇ ಮಾಡಿಕೊಳ್ಳದಿದ್ದರೆ ಭೂತಗನ್ನಡಿಯ ಕೆಳಗೆ ನಮಗೆ ಬೇಕಾದದ್ದೇ ಕಾಣುತ್ತದೆ.

ಹಳೆಯ ಹಿಡಿಗಳ ವಸ್ತುವನ್ನು ಗುರುತಿಸಲು ಕೆಲವರು ಕಾಯಿಸಿದ ಸೂಜಿಯನ್ನು ಚುಚ್ಚಿ ವಾಸನೆ ನೋಡುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬಾರದು. ಹಿಡಿ ಸೆಲ್ಯುಲಾಯ್ಡ್‌ನದಾಗಿದ್ದರೆ ಅದು ಬಿಸಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಆ ವಸ್ತುವನ್ನು ಪತ್ತೆಹಚ್ಚಲು ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿದರೆ ಸಾಕು, ಕರ್ಪೂರದ ವಾಸನೆ ಬರುತ್ತದೆ. ಸೆಲ್ಯುಲಾಯ್ಡ್ ತಯಾರಿಸುವಾಗ ಕರ್ಪೂರ ಬೆರೆಸುತ್ತಿದ್ದರು. ದಂತವಾಗಿದ್ದರೆ ಅಡ್ಡಕೊಯ್ದ ಜಾಗದಲ್ಲಿ ಒಂದನ್ನೊಂದು ಕತ್ತರಿಸುವ ನವಿರಾದ ಗೆರೆಗಳ ಬಲೆ ಕಾಣುತ್ತದೆ. ಎಮ್ಮೆಯ ಕೊಂಬು ಕಪ್ಪಗೆ, ನುಣ್ಣಗೆ ಇದ್ದು, ಹಳೆಯದಾದಂತೆ ಪದರಪದರವಾಗಿ ಏಳುತ್ತದೆ. ನಮ್ಮ ಚಾಕುವಿನ ಹಿಡಿ ಇವು ಮೂರೂ ಅಲ್ಲ ಎಂಬುದು ಬರಿಗಣ್ಣಿಗೇ ತಿಳಿಯುವಂತಿತ್ತು. ಉಳಿದದ್ದು ಎರಡು ಸಾಧ್ಯತೆ: ಕಡವೆಯ ಕೊಂಬು, ಅಥವಾ ಕೊಂಬಿನಂತೆ ಕಾಣಲೆಂದು ಕೆತ್ತಿ, ಬಣ್ಣ ಹಾಕಿದ ದನದ ಮೂಳೆ. ಮೂಳೆಯನ್ನು ಹೀಗೆ ಕೆತ್ತಿ ಕೊಂಬಿನ ರೂಪ ಕೊಡುವುದು ಚಾಕು ತಯಾರಕರಲ್ಲಿ ಬಹಳ ಸಾಮಾನ್ಯವಾಗಿತ್ತು. ಮೂಳೆ ಅಗ್ಗ, ಯಾವಾಗಲೂ ಸಿಗುತ್ತದೆ, ಒರಟು ಮೈ ಕೈಯಿಂದ ಜಾರುವುದಿಲ್ಲ.

ಭೂತಗನ್ನಡಿಯಲ್ಲಿ ನೋಡಿದಾಗ ಸೂಕ್ಷ್ಮವಾದ ಕಪ್ಪು ರಂಧ್ರಗಳು, ಎಳೆಗಳು ಕಂಡವು. ರಕ್ತನಾಳಗಳು ಹಾದುಹೋಗುತ್ತಿದ್ದ ದಾರಿಗಳವು. ಇದನ್ನು ನೋಡಿದೊಡನೆ ಮೂಳೆ ಎಂದು ಹೇಳಿಬಿಡುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ಜಿಂಕೆಯ ಜಾತಿಯ ಕೊಂಬೂ ಒಂದು ಬಗೆಯ ಮೂಳೆಯೇ, ಹಸು ಎಮ್ಮೆಗಳ ಕೊಂಬಿನಂತೆ ಉಗುರಿನ ವಸ್ತುವಲ್ಲ. ಆದ್ದರಿಂದ ರಂಧ್ರಗಳು ಏನನ್ನೂ ತೀರ್ಮಾನಿಸಲಾರವು. ತೀರ್ಮಾನಿಸುವುದು ಮೇಲ್ಮೈ ಮತ್ತು ಅಂಚು. ನಿಜವಾದ ಕೊಂಬಿನ ಮೈಮೇಲಿನ ಗೀರುಗಳು ಉದ್ದುದ್ದಕ್ಕೆ ಹರಿಯುತ್ತವೆ, ಅಲ್ಲಲ್ಲಿ ಸೇರುತ್ತವೆ, ಕವಲೊಡೆಯುತ್ತವೆ. ಅವುಗಳ ದಡ ದುಂಡಾಗಿರುತ್ತದೆ. ಎಡದ ಹಲಗೆಗೂ ಬಲದ ಹಲಗೆಗೂ ಹೋಲಿಕೆ ಇರುವುದಿಲ್ಲ. ನಮ್ಮ ಹಿಡಿಯಲ್ಲಿ ಕಂಡದ್ದು ಗಿಡ್ಡ ಗಿಡ್ಡ ಗುಳಿಗಳು. ಒಂದೊಂದು ಗುಳಿಯೂ ಒಂದೇ ಅಗಲದ ಉಳಿಯಿಂದ ತೋಡಿದಂತೆ ಒಂದೇ ಅಳತೆಯದು, ಸವೆಯದೆ ಉಳಿದ ಕಡೆ ಅದರ ದಡ ಚೂಪಾಗಿದೆ, ಎರಡು ಹಲಗೆಗಳಲ್ಲಿಯೂ ಸಾಲುಗಳ ಓಟ ಒಂದೇ ರೀತಿಯದು. ಹಿತ್ತಾಳೆಯ ತಗಡಿಗೆ ತಾಗುವ ಅಂಚನ್ನು ಓರೆಯಾಗಿ ನೋಡಿದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾದ ಗಟ್ಟಿ ವಸ್ತು, ತಿರುಳಿನ ಸುಳಿವೇ ಇಲ್ಲ. ಹೆಬ್ಬೆರಳು ಕೂರುವ ಜಾಗದಲ್ಲಿ ಬಣ್ಣ ಸವೆದು ಕೆಳಗಿನ ಬಿಳುಪು ಕಾಣುತ್ತದೆ. ಪಶುವೈದ್ಯರಾದ ಗೆಳೆಯರೊಬ್ಬರು ತಮ್ಮ ಮಸೂರದಲ್ಲಿ ಬಹಳ ಹೊತ್ತು ನೋಡಿ, ಇದು ದನದ ಕಾಲಿನ ಮೂಳೆ, ಸಂಶಯವಿಲ್ಲ ಎಂದರು.

ಕಾನೂನಿನ ಆತಂಕ ಅಲ್ಲಿಗೆ ಮುಗಿಯಿತು. ಬೇರೊಂದು ಆತಂಕ ಅಲ್ಲಿಂದ ಆರಂಭವಾಯಿತು.

ನಮ್ಮದು ಮಾಂಸ ಮುಟ್ಟದ ಮನೆ. ಅಜ್ಜಿ ಬದುಕಿರುವವರೆಗೂ ಆ ಚಾಕು ಇರುತ್ತಿದ್ದದ್ದು ದೇವರ ಕೋಣೆಯ ಪಕ್ಕದ ಗೂಡಿನಲ್ಲಿ. ಆಯುಧಪೂಜೆಯ ದಿನ ಅಜ್ಜನ ಕೆಲಸದ ಸಾಮಾನುಗಳ ಜೊತೆ ಅದನ್ನೂ ಮಣೆಯ ಮೇಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹೂವಿಟ್ಟು ಪೂಜೆ ಮಾಡುತ್ತಿದ್ದರು. ಹಿಡಿಯ ಗುಳಿಗಳನ್ನು ಮಸೂರದಲ್ಲಿ ನೋಡುವಾಗ ಅವುಗಳ ತಳದಲ್ಲಿ ಕೆಂಪಗೆ ಏನೋ ಕೂತಿರುವುದು ಕಂಡಿತ್ತು. ಅದು ತಯಾರಕರು ಹಾಕಿದ ಬಣ್ಣವಾಗಿರಲಾರದು, ಏಕೆಂದರೆ ಸವೆದ ಜಾಗಗಳ ಮೇಲೆಯೂ ಇತ್ತು. ತುಕ್ಕೂ ಅಲ್ಲ, ಮೂಳೆಗೆ ತುಕ್ಕು ಹಿಡಿಯುವುದಿಲ್ಲ. ದಶಕಗಳ ಕುಂಕುಮ ಅದು, ಎಣ್ಣೆಯ ಜೊತೆ ಸೇರಿ ಗುಳಿಗಳಲ್ಲಿ ಗಟ್ಟಿಯಾಗಿತ್ತು. ದನದ ಮೂಳೆಯ ಮೇಲೆ ಅಜ್ಜಿಯ ಕೈಯ ಕುಂಕುಮ. ಇದನ್ನು ಅಮ್ಮನಿಗೆ ಹೇಳಬೇಕೇ ಬೇಡವೇ ಎಂದು ನಾನು ಬಹಳ ಯೋಚಿಸಿದೆ. ತಿಳಿದುಕೊಳ್ಳುವ ಹಟ ನನ್ನದು, ಅದರ ಭಾರವನ್ನು ಅವಳ ಮೇಲೆ ಏಕೆ ಹಾಕಬೇಕು ಎಂದೂ ಅನ್ನಿಸಿತು. ಆದರೆ ವಸ್ತು ಅವಳ ತಂದೆಯದು. ನನಗೆ ತಿಳಿದದ್ದು ಅವಳಿಗೆ ತಿಳಿಯದಿರುವುದು ನ್ಯಾಯವಲ್ಲ.

ಹೇಳಿದೆ. ಅಮ್ಮ ಚಾಕುವನ್ನು ಕೈಗೆ ತೆಗೆದುಕೊಂಡು ಹಿಡಿಯನ್ನು ಒಮ್ಮೆ ನೋಡಿ, “ಮೃದಂಗಕ್ಕೂ ಚರ್ಮವೇ ಅಲ್ಲವೇನೋ ಇರುವುದು. ಅಪ್ಪ ಇದರಿಂದ ಅನ್ನ ದುಡಿದರು, ಅಮ್ಮ ಇದಕ್ಕೆ ಹೂವಿಟ್ಟರು. ಅದನ್ನು ತೊಳೆಯಬೇಡ,” ಎಂದಳು. ಅವಳು ಹೇಳಿದ ಮೇಲೆ ಆ ಗುಳಿಗಳನ್ನು ನಾನು ಮುಟ್ಟಿಲ್ಲ. ವಸ್ತುಸಂಗ್ರಹದ ದೃಷ್ಟಿಯಿಂದಲೂ ಅದೇ ಸರಿ: ಬಳಕೆಯ ಗುರುತು ಒಮ್ಮೆ ಹೋದರೆ ಮರಳಿ ಬರುವುದಿಲ್ಲ, ಮತ್ತು ತಯಾರಕರ ಮುದ್ರೆಯಷ್ಟೇ ಬೆಲೆ ಅದಕ್ಕೂ ಇದೆ.

ಬಳಕೆಯ ಗುರುತುಗಳನ್ನು ಓದಲು ತೊಡಗಿದ ಮೇಲೆ ಚಾಕು ಅಜ್ಜನ ಬಗ್ಗೆ ಹೇಳತೊಡಗಿತು. ದೊಡ್ಡ ಅಲಗಿಗಿಂತ ಚಿಕ್ಕ ಅಲಗು ಬಹಳ ಹೆಚ್ಚು ಸವೆದಿದೆ. ಅದರ ಬಾಯಿ ನೇರವಾಗಿಲ್ಲ, ಮಧ್ಯದಲ್ಲಿ ಒಳಕ್ಕೆ ಬಾಗಿದೆ. ಒಂದೇ ಜಾಗವನ್ನು ಒಂದೇ ಕೆಲಸಕ್ಕೆ ಬಳಸಿ, ಆ ಜಾಗವನ್ನೇ ಮತ್ತೆ ಮತ್ತೆ ಮಸೆದಾಗ ಹೀಗಾಗುತ್ತದೆ. ಚಿಕ್ಕ ಅಲಗು ಕೂರುವ ಸಂದಿಯನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸುವಾಗ ಮೊದಲು ಎಣ್ಣೆಯ ಕಪ್ಪು ಕೊಳೆ ಬಂತು. ಎಣ್ಣೆಗೆ ಬಾರದೆ ಉಳಿದದ್ದಕ್ಕೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಹಾಕಿ ಹೊರಗೆ ತೆಗೆದಾಗ ಅದು ನೇರಳೆ ಬಣ್ಣಕ್ಕೆ ತಿರುಗಿತ್ತು. ಒಂದು ಕ್ಷಣ ಅರ್ಥವಾಗಲಿಲ್ಲ, ಆಮೇಲೆ ಹೊಳೆಯಿತು: ಕಾಪಿಯಿಂಗ್ ಪೆನ್ಸಿಲ್. ಒಣಗಿದ್ದಾಗ ಬೂದಿಬಣ್ಣದ ಗೆರೆ ಎಳೆದು, ಒದ್ದೆಯಾದೊಡನೆ ನೇರಳೆಗೆ ತಿರುಗುವ, ಅಳಿಸಲಾಗದ ಆ ಪೆನ್ಸಿಲ್‌ಗಳು ಒಂದು ಕಾಲದಲ್ಲಿ ಕಚೇರಿಗಳಲ್ಲಿ, ರೈಲ್ವೆಯಲ್ಲಿ, ತೋಟಗಳಲ್ಲಿ ಎಲ್ಲೆಲ್ಲಿಯೂ ಇದ್ದವು. ಮಳೆ ಬೀಳುವ ಮಲೆನಾಡಿನಲ್ಲಿ, ತೋಟದ ನಡುವೆ ನಿಂತು ಹಾಜರಿ ಬರೆಯುವವನಿಗೆ ಮಸಿಯ ಲೇಖನಿ ಉಪಯೋಗಕ್ಕೆ ಬಾರದು. ಅಜ್ಜನ ಹಳೆಯ ಚೆಕ್‌ರೋಲ್ ಪುಸ್ತಕದ ಕೆಲವು ಹಾಳೆಗಳು ಇನ್ನೂ ಇವೆ; ಅವುಗಳಲ್ಲಿ ನೀರು ಬಿದ್ದ ಕಡೆಗಳಲ್ಲೆಲ್ಲ ಅಕ್ಷರಗಳು ನೇರಳೆಯಾಗಿ ಹರಡಿವೆ. ಚಿಕ್ಕ ಅಲಗಿನ ಆ ಬಾಗು ಪೆನ್ಸಿಲ್ ಹೆರೆದು ಆದದ್ದು.

ದೊಡ್ಡ ಅಲಗಿನ ತುದಿ ಮೊಂಡಾಗಿದೆ. ಮಾವನವರ ಮಾತಿನ ಪ್ರಕಾರ ಅಜ್ಜ ತೋಟ ಸುತ್ತುವಾಗ ಕಾಂಡಕೊರಕದ ಗುಮಾನಿಯಿರುವ ಅರೇಬಿಕಾ ಗಿಡ ಕಂಡರೆ, ಕಾಂಡದ ಮೇಲಿನ ಉಬ್ಬನ್ನು ಚಾಕುವಿನ ತುದಿಯಿಂದ ಸೀಳಿ ಒಳಗೆ ಹುಳುವಿನ ದಾರಿಯಿದೆಯೇ ಎಂದು ನೋಡುತ್ತಿದ್ದರಂತೆ. ಆ ಹುಳು ತೊಗಟೆಯ ಕೆಳಗೆ ಸುರಂಗ ಕೊರೆಯುತ್ತ ಹೋದಂತೆ ಮೇಲೆ ಬಳೆಯಂತಹ ಉಬ್ಬುಗಳು ಏಳುತ್ತವೆ, ಗಿಡವನ್ನು ಕಿತ್ತು ಸುಡದೆ ಬೇರೆ ದಾರಿಯಿಲ್ಲ. ತುದಿಯ ಸವೆತಕ್ಕೆ ಈ ವಿವರಣೆ ಹೊಂದುತ್ತದೆ. ಅಲಗಿನ ಪಕ್ಕದಲ್ಲಿ ತುದಿಯ ಕಡೆಯ ಒಂದು ಅಂಗುಲದಲ್ಲಿ ಮಾತ್ರ ಅಡ್ಡಡ್ಡ ಗೀರುಗಳಿವೆ, ಉಳಿದ ಭಾಗ ನುಣುಪಾಗಿಯೇ ಇದೆ.

ಹಾಗಾದರೆ ದೊರೆಯ ಉಡುಗೊರೆಯ ಕತೆ? ಹೊಸ ಚಾಕುವನ್ನು ಉಡುಗೊರೆಗೆಂದು ಕೊಳ್ಳುವವರು ಹಿಡಿಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಅಕ್ಷರಗಳನ್ನು ಕೆತ್ತಿಸುವುದುಂಟು; ನಮ್ಮ ಬಿಲ್ಲೆ ಖಾಲಿ. ಆದರೆ ಜೇಬಿನಿಂದ ತೆಗೆದು ಕೊಟ್ಟದ್ದಾದರೆ ಕೆತ್ತಿಸುವ ಮಾತೇ ಬರುವುದಿಲ್ಲ, ಹಾಗಾಗಿ ಅದು ಯಾವ ಕಡೆಗೂ ಸಾಕ್ಷಿಯಲ್ಲ. ಅಜ್ಜನ ಖರ್ಚಿನ ಪುಸ್ತಕದಲ್ಲಿ, 1944ರ ಒಂದು ಪುಟದಲ್ಲಿ, ಸೀಮೆಎಣ್ಣೆ ಮತ್ತು ಬೆಲ್ಲದ ಲೆಕ್ಕದ ನಡುವೆ ‘ಚಾಕು ಸಾಣೆ, 1 ಆಣೆ’ ಎಂದಿದೆ. ಅಂದರೆ ದೊರೆ ಹೊರಡುವುದಕ್ಕೆ ಮೂರು ವರ್ಷ ಮೊದಲೇ ಅಜ್ಜನ ಬಳಿ ಸಾಣೆ ಹಿಡಿಸಿ ಇಟ್ಟುಕೊಳ್ಳಬೇಕಾದಂತಹ ಒಂದು ಚಾಕು ಇತ್ತು. ಅಡುಗೆಮನೆಯಲ್ಲಿ ಈಳಿಗೆಮಣೆ, ಹೊರಗೆ ಕತ್ತಿ ಇರುವ ಮನೆಯಲ್ಲಿ ಚಾಕು ಎಂದು ಬರೆದದ್ದು ಜೇಬಿನದನ್ನೇ ಇರಬೇಕು ಎಂದು ನಾನು ಭಾವಿಸುತ್ತೇನೆ. ಇಂಗ್ಲೆಂಡಿನ ಚಾಕುಗಳು ಆಗ ಬೆಂಗಳೂರು, ಮೈಸೂರಿನಂತಹ ಊರುಗಳ ಅಂಗಡಿಗಳಲ್ಲಿ ದುಡ್ಡು ಕೊಟ್ಟರೆ ಸಿಗುತ್ತಿದ್ದವು, ಸಂಬಳದಲ್ಲಿ ಉಳಿಸಿ ಕೊಂಡುಕೊಳ್ಳುವುದು ಒಬ್ಬ ರೈಟರ್‌ಗೆ ಅಸಾಧ್ಯವೇನೂ ಆಗಿರಲಿಲ್ಲ.

ಇದನ್ನು ಮಾವನವರಿಗೆ ಹೇಳಿದಾಗ ಅವರಿಗೆ ಬೇಸರವಾಯಿತು. ನನಗೆ ಮಾತ್ರ ಈ ಎರಡನೆಯ ಸಾಧ್ಯತೆಯೇ ಹೆಚ್ಚು ಇಷ್ಟ ಎಂದು ಅವರಿಗೆ ಬಿಡಿಸಿ ಹೇಳಿದೆ. ತನ್ನ ಕೆಲಸಕ್ಕೆ ಬೇಕಾದ ಉಪಕರಣ ಯಾವುದು, ಒಳ್ಳೆಯದು ಯಾವುದು ಎಂದು ತಿಳಿದು, ತನ್ನ ದುಡಿಮೆಯ ಹಣದಲ್ಲಿ ಕೊಂಡು, ಆಣೆ ಕೊಟ್ಟು ಸಾಣೆ ಹಿಡಿಸಿ, ಅದರ ಲೆಕ್ಕವನ್ನೂ ಬರೆದಿಟ್ಟ ಮನುಷ್ಯ, ದೊರೆಯ ಕೃಪೆಗೆ ಪಾತ್ರನಾದ ಮನುಷ್ಯನಿಗಿಂತ ಕಡಿಮೆಯವನಲ್ಲ. ಮಾವನವರು ಒಪ್ಪಲಿಲ್ಲ. “ನಿನಗೆ ಪುಸ್ತಕ ಹೇಳಿದ್ದು, ನನಗೆ ಅಪ್ಪ ಹೇಳಿದ್ದು,” ಎಂದರು. ಅವರ ಮಾತನ್ನು ತಳ್ಳಿಹಾಕುವ ಹಕ್ಕು ನನಗಿಲ್ಲ. ಒಂದೇ ಮನುಷ್ಯ ಬದುಕಿನಲ್ಲಿ ಎರಡು ಚಾಕುಗಳನ್ನು ಇಟ್ಟುಕೊಂಡಿರಲೂಬಹುದು.

ಮಾರಿದರೆ ಎಷ್ಟು ಬರುತ್ತದೆ ಎಂದು ಕೇಳಿದವರೂ ಇದ್ದಾರೆ. ಅಲಗುಗಳು ಇಷ್ಟು ಸವೆದ ಚಾಕುವಿಗೆ ಸಂಗ್ರಹಕಾರರು ಹೆಚ್ಚೇನೂ ಕೊಡುವುದಿಲ್ಲ. ಅವರಿಗೆ ಬೇಕಾದದ್ದು ಬಳಸದೆ ಇಟ್ಟದ್ದು.

ಈಗ ಅದನ್ನು ಕಾಪಾಡುವ ರೀತಿ ಸರಳ. ಅಲಗಿನ ಮೇಲಿನ ಬೂದು, ನೀಲಿ ಛಾಯೆಯನ್ನು ಹಾಗೆಯೇ ಬಿಟ್ಟಿದ್ದೇನೆ, ಅದು ಉಕ್ಕನ್ನು ಕಾಯುತ್ತದೆ. ಕೈಗೆ ಹತ್ತುವ ಕೆಂಪು ತುಕ್ಕನ್ನು ಮಾತ್ರ ಎಣ್ಣೆ ಹಾಕಿ, ಮೆತ್ತನೆಯ ಬಟ್ಟೆಯಿಂದ ತೆಗೆದೆ. ಕೊಬ್ಬರಿ ಎಣ್ಣೆ ಹಚ್ಚಲು ಹಲವರು ಹೇಳಿದರು. ಅದು ಕಾಲಕ್ರಮದಲ್ಲಿ ಕಮಟಾಗಿ ಅಂಟಾಗುತ್ತದೆ, ಧೂಳನ್ನು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆಯೇ ಒಳ್ಳೆಯದು, ಅದೂ ಕೀಲಿಗೆ ಒಂದು ಹನಿ ಮಾತ್ರ. ಚರ್ಮದ ಚೀಲದಲ್ಲಿ ಇಡಬಾರದು, ಹದ ಮಾಡಿದ ಚರ್ಮದಲ್ಲಿ ಉಳಿದಿರುವ ಲವಣ ಮತ್ತು ಆಮ್ಲಗಳು ತೇವ ಹೀರಿ ಹಿತ್ತಾಳೆಯನ್ನು ಹಸಿರಾಗಿಸುತ್ತವೆ, ಉಕ್ಕನ್ನು ತಿನ್ನುತ್ತವೆ. ಮಲೆನಾಡಿನ ಮಳೆಗಾಲದಲ್ಲಂತೂ ಒಣ ಹತ್ತಿಬಟ್ಟೆಯೇ ಸರಿ. ಸಾಣೆ ಹಿಡಿಸುವ ಉದ್ದೇಶ ನನಗಿಲ್ಲ. ಚಿಕ್ಕ ಅಲಗಿನ ಬಾಗನ್ನು ಯಾರಾದರೂ ಯಂತ್ರದ ಕಲ್ಲಿಗೆ ಕೊಟ್ಟು ನೆಟ್ಟಗೆ ಮಾಡಿದರೆ, ಅಜ್ಜನ ಅಷ್ಟು ವರ್ಷಗಳ ಹಾಜರಿ ಪುಸ್ತಕ ಅದರೊಂದಿಗೇ ಹೋಗುತ್ತದೆ.

ಬಟ್ಟೆಯ ಜೊತೆ ಒಂದು ಹಾಳೆಯನ್ನೂ ಇಟ್ಟಿದ್ದೇನೆ. ಅದರಲ್ಲಿ ಮುದ್ರೆಯ ಅಕ್ಷರಗಳು ಇದ್ದಂತೆಯೇ ಇವೆ, ಅಳತೆಗಳಿವೆ, ತಯಾರಾದ ಕಾಲ 1910ರಿಂದ 1947ರ ನಡುವೆ ಎಂದಿದೆ. ಹಿಡಿ ದನದ ಮೂಳೆಯದು, ಕಡವೆಯ ಕೊಂಬಲ್ಲ ಎಂಬುದನ್ನು, ಹಾಗೆಂದು ಹೇಳಲು ಕಾರಣಗಳೇನು ಎಂಬುದರೊಂದಿಗೆ ಸ್ವಲ್ಪ ವಿವರವಾಗಿ ಬರೆದಿದ್ದೇನೆ. ಮುಂದೆ ಯಾರಾದರೂ ಅಧಿಕಾರಿಗಳು ಕೇಳಿದರೆ ಮನೆಯವರು ತಡವರಿಸಬಾರದು. ಗುಳಿಗಳಲ್ಲಿನ ಕೆಂಪು ಕುಂಕುಮದ್ದು, ತೊಳೆಯಬಾರದು ಎಂದು ಅಮ್ಮನ ಕೈಯಿಂದಲೇ ಬರೆಸಿದೆ. ಮಾವನವರು ಹೇಳಿದ ದೊರೆಯ ಕತೆಯೂ ಅದೇ ಹಾಳೆಯಲ್ಲಿದೆ, ಬೇರೆ ತಲೆಬರಹದ ಕೆಳಗೆ, ಹೇಳಿದವರ ಹೆಸರು ಮತ್ತು ದಿನಾಂಕದೊಂದಿಗೆ. ಅದರ ಕೆಳಗೆ 1944ರ ಆ ಒಂದು ಆಣೆಯ ಲೆಕ್ಕದ ಪುಟದ ಚಿತ್ರವನ್ನು ಅಂಟಿಸಿದ್ದೇನೆ.